ಜ್ವರ ಬಿಟ್ಟರೂ ಬಿಡದ ನೋವು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ನದಿಯ ದಡದಲ್ಲಿ ರುದ್ರಪಟ್ಟಣವೆಂಬ ಗ್ರಾಮವಿದೆ. ಊರು ಚಿಕ್ಕದು, ಅದರ ಕೀರ್ತಿ ದೊಡ್ಡದು. ಕರ್ನಾಟಕ ಸಂಗೀತದ ಹಿರಿಯ ಗಾಯಕರಾಗಿದ್ದ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದ್ದು ಇಲ್ಲಿಯೇ. ಇಲ್ಲಿಂದ ಹೊರಟ ಹಲವು ತಲೆಮಾರುಗಳ ಗಾಯಕರೂ ವಾದಕರೂ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡು ನಾಡಿನಾದ್ಯಂತ ಕೊಂಡೊಯ್ದಿದ್ದಾರೆ. ತಂಬೂರಿಯ ಆಕಾರದಲ್ಲಿ ಕಟ್ಟಿದ ದೇವಾಲಯವೊಂದನ್ನು ಇಲ್ಲಿಗೆ ಹೋದವರು ಇಂದಿಗೂ ನೋಡಬಹುದು.

ಇಂತಹ ಊರಿನಲ್ಲಿ ಬೆರಳಿನ ಬೆಲೆ ಏನೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ವೀಣೆ ನುಡಿಸುವವರ ಬೆರಳು ತಂತಿಯನ್ನು ಕೂದಲೆಳೆಯಷ್ಟು ಹೆಚ್ಚಾಗಿ ಸೆಳೆದರೂ ಸ್ವರ ತಪ್ಪುತ್ತದೆ. ಆದರೆ ಬೆರಳಿನ ಚುರುಕು ಕಲಾವಿದರಿಗೆ ಮಾತ್ರವೇ ಬೇಕಾದುದಲ್ಲ. ಗದ್ದೆಯಲ್ಲಿ ಪೈರು ನೆಡುವ ಹೆಂಗಸಿಗೆ, ಬೆಳಗಿನ ಜಾವ ಹಾಲು ಕರೆಯುವ ರೈತನಿಗೆ, ಹೂವು ಕಟ್ಟುವ ಮುದುಕಿಗೆ, ಬರೆಯುವ ವಿದ್ಯಾರ್ಥಿಗೆ ಅದು ಅಷ್ಟೇ ಅಗತ್ಯ. ಮನುಷ್ಯನ ಒಂದೊಂದು ಕೈಯಲ್ಲಿಯೂ 27 ಮೂಳೆಗಳಿವೆ. ಮೂಳೆಗಳು ಕೂಡುವ ಎಡೆಯೇ ಕೀಲು. ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಕೀಲಿನ ಸುತ್ತ ತೆಳುವಾದ ಪೊರೆಯೊಂದಿದ್ದು, ಅದು ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಯಂತಹ ದ್ರವವನ್ನು ಒಸರುತ್ತದೆ. ಈ ಪೊರೆ ಬಾತುಕೊಂಡಿತೆಂದರೆ ಮುಷ್ಟಿ ಹಿಡಿಯುವುದೇ ಕಷ್ಟವಾಗುತ್ತದೆ. ಇಂತಹ ಬೇನೆಯೊಂದು ಲಕ್ಷಾಂತರ ಕನ್ನಡಿಗರ ಕೈಕಾಲುಗಳನ್ನು ಒಮ್ಮೆಗೇ ಹಿಡಿದ ವರ್ಷ 2006.

ಆ ವರ್ಷ ಕರ್ನಾಟಕದಲ್ಲಿ ಚಿಕುನ್‌ಗುನ್ಯ ಜ್ವರ ಹಬ್ಬಿತು. ಸರ್ಕಾರದ ಲೆಕ್ಕದಂತೆ ದೇಶದಲ್ಲಿ ಶಂಕಿತ ರೋಗಿಗಳ ಸಂಖ್ಯೆ ಹದಿಮೂರು ಲಕ್ಷವನ್ನು ದಾಟಿತ್ತು. ಅವರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕರ್ನಾಟಕದವರೇ ಆಗಿದ್ದರು. ಬೇರಾವ ರಾಜ್ಯದಲ್ಲಿಯೂ ಈ ಪ್ರಮಾಣದ ಹಾವಳಿ ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದರು. ನಿನ್ನೆಯವರೆಗೆ ನೇಗಿಲು ಹಿಡಿದವರು ಗೋಡೆ ಹಿಡಿದು ನಡೆಯುವಂತಾದರು. ದಿನಗೂಲಿಯನ್ನೇ ನಂಬಿದ ಸಂಸಾರಗಳಿಗೆ ಕಾಯಿಲೆಯಷ್ಟೇ ದೊಡ್ಡದಾಗಿ ಕಂಡದ್ದು ಕಳೆದುಹೋದ ಕೂಲಿ. ಹೆಸರಿನ ಧ್ವನಿಯನ್ನು ಕೇಳಿ, ಇದು ಕೋಳಿಯ ಮಾಂಸದಿಂದ ಬರುವ ರೋಗವೆಂದು ಭ್ರಮಿಸಿದವರೂ ಉಂಟು.

ಆ ಹೆಸರಿಗೂ ಕೋಳಿಗೂ ಯಾವ ಸಂಬಂಧವೂ ಇಲ್ಲ. ಪೂರ್ವ ಆಫ್ರಿಕದ ಈಗಿನ ಟಾಂಜಾನಿಯ ದೇಶದಲ್ಲಿ 1952-53ರಲ್ಲಿ ಈ ಜ್ವರ ಹಬ್ಬಿದಾಗ ವೈದ್ಯರು ಅದನ್ನು ಮೊದಲಬಾರಿಗೆ ಪ್ರತ್ಯೇಕ ರೋಗವೆಂದು ಗುರುತಿಸಿದರು. ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ಚಿಕುನ್‌ಗುನ್ಯ ಎಂದರೆ ‘ಬಾಗಿಸುವಂಥದು’ ಎಂದರ್ಥ. ಕೀಲುನೋವಿನಿಂದ ಬಾಗಿ ನಡೆಯುತ್ತಿದ್ದ ರೋಗಿಗಳನ್ನು ಕಂಡು ಬಂದ ಹೆಸರು ಅದು. ರೋಗಕ್ಕೆ ಕಾರಣವಾದುದು ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು ವೈರಸ್. ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವುದು ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಈಡಿಸ್ ಜಾತಿಯ ಸೊಳ್ಳೆ. ಭಾರತದಲ್ಲಿ ಈ ಜ್ವರ 1963ರಲ್ಲಿ ಕಲ್ಕತ್ತೆಯಲ್ಲಿಯೂ, 1964ರಲ್ಲಿ ಮದರಾಸಿನಲ್ಲಿಯೂ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿಯೂ ತಲೆದೋರಿ, ಬಳಿಕ ಮೂರು ದಶಕಗಳಿಗೂ ಹೆಚ್ಚು ಕಾಲ ಮರೆಯಾಗಿತ್ತು. 2005ರ ಕೊನೆಯಲ್ಲಿ ಅದು ಮರಳಿ ಬಂದಾಗ, ಅದನ್ನು ಮೊದಲು ಕಂಡಿದ್ದ ವೈದ್ಯರು ವಿರಳವಾಗಿದ್ದರು.

ಸೊಳ್ಳೆ ಕಚ್ಚಿದ ಮೂರರಿಂದ ಏಳು ದಿನಗಳೊಳಗೆ ಸಾಮಾನ್ಯವಾಗಿ ಜ್ವರ ಥಟ್ಟನೆ ಏರುತ್ತದೆ. ಅದು ಒಂದು ವಾರದಲ್ಲಿ ಇಳಿದು ಹೋಗುತ್ತದೆ. ಪ್ರಾಣಹಾನಿ ಅಪರೂಪ. ಇಷ್ಟರಿಂದಲೇ ಮುಗಿದಿದ್ದರೆ ಇದನ್ನು ಅನೇಕ ಜ್ವರಗಳಲ್ಲಿ ಒಂದೆಂದು ಮರೆಯಬಹುದಾಗಿತ್ತು. ಆದರೆ ಕೆಲವರಲ್ಲಿ ಜ್ವರ ಬಿಟ್ಟ ಮೇಲೂ ನೋವು ಬಿಡಲಿಲ್ಲ. ಮಣಿಕಟ್ಟು, ಬೆರಳು, ಮೊಣಕಾಲು, ಹರಡುಗಳು ತಿಂಗಳುಗಟ್ಟಲೆ ಬಾತುಕೊಂಡೇ ಇದ್ದುವು. ಬೆಳಿಗ್ಗೆ ಎದ್ದರೆ ಕೈ ಮರದಂತೆ ಬಿಗಿದಿರುತ್ತಿತ್ತು. ಬಿಸಿಲೇರಿದ ಮೇಲೆ ನಿಧಾನವಾಗಿ ಸಡಿಲವಾಗುತ್ತಿತ್ತು. ಈ ತೊಂದರೆ ಮಕ್ಕಳಿಗಿಂತ ವಯಸ್ಕರಲ್ಲಿ, ಅದರಲ್ಲಿಯೂ ನಡುವಯಸ್ಸು ದಾಟಿದವರಲ್ಲಿ ಹೆಚ್ಚು.

2008ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದೇ ಜ್ವರ ಹಬ್ಬಿದಾಗ, ಸಂಶೋಧಕರು ಸುಮಾರು ಇನ್ನೂರು ಮಂದಿ ರೋಗಿಗಳನ್ನು ಹತ್ತು ತಿಂಗಳ ಕಾಲ ಬಿಡದೆ ಗಮನಿಸಿದರು. ಅವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿಯ ಲಕ್ಷಣಗಳು ರುಮಟಾಯ್ಡ್ ಸಂಧಿವಾತವೆಂಬ ಬೇರೊಂದು ರೋಗದ ಲಕ್ಷಣಪಟ್ಟಿಗೆ ಸರಿಹೊಂದುವಂತಿದ್ದುವು. ಅಮೆರಿಕದಲ್ಲಿಯೂ ಇಂತಹುದೇ ಅನುಭವವಾಯಿತು. 2014ರಲ್ಲಿ ಹೈಟಿ ದೇಶಕ್ಕೆ ಹೋಗಿ ಚಿಕುನ್‌ಗುನ್ಯ ಹತ್ತಿಸಿಕೊಂಡು ಮರಳಿದ ಹತ್ತು ಮಂದಿ ಪ್ರವಾಸಿಗಳನ್ನು ಪರೀಕ್ಷಿಸಿದಾಗ, ಎಂಟು ಮಂದಿಯ ಲಕ್ಷಣಗಳು ಅದೇ ಪಟ್ಟಿಗೆ ಹೊಂದಿದುವು. ಪ್ರವಾಸದ ಸಂಗತಿಯನ್ನು ಕೇಳದೆ ಕೈಗಳನ್ನಷ್ಟೇ ನೋಡಿದ ವೈದ್ಯರು ಮೋಸಹೋಗುವುದು ಸಹಜವಾಗಿತ್ತು. ಹಾಗಾದರೆ ಈ ರುಮಟಾಯ್ಡ್ ಸಂಧಿವಾತವೆಂಬುದು ಯಾವುದು? ಸೊಳ್ಳೆಯಿಂದ ಬಂದ ಬೇನೆ ಅದರ ವೇಷವನ್ನು ಏಕೆ ಧರಿಸುತ್ತದೆ? ಇದನ್ನು ತಿಳಿಯಲು ದೇಹದ ರಕ್ಷಣಾ ವ್ಯವಸ್ಥೆಯನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು.

ದೇಹದೊಳಗೆ ಹಗಲಿರುಳೂ ಎಚ್ಚರವಾಗಿರುವ ಕಾವಲುಪಡೆಯೊಂದಿದೆ. ಬಿಳಿಯ ರಕ್ತಕಣಗಳೇ ಅದರ ಸೈನಿಕರು. ವೈರಸ್ಸಾಗಲಿ ಬ್ಯಾಕ್ಟೀರಿಯವಾಗಲಿ ಒಳಹೊಕ್ಕೊಡನೆ ಅವು ಆ ಎಡೆಗೆ ಧಾವಿಸುತ್ತವೆ. ರಕ್ತನಾಳಗಳು ಅಲ್ಲಿ ಹಿಗ್ಗುತ್ತವೆ. ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುತ್ತದೆ. ಇದನ್ನೇ ಉರಿಯೂತವೆನ್ನುವುದು. ಕೆಲವು ಕಣಗಳು ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸುತ್ತವೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಒಂದೊಂದು ಪ್ರತಿಕಾಯವೂ ತನಗೆ ತಕ್ಕ ಶತ್ರುವಿನ ಮೇಲ್ಮೈಗೆ ಹೊಂದಿಕೊಂಡು ಅದನ್ನು ಹಿಡಿದುಹಾಕುತ್ತದೆ. ಹೀಗಿರಲು, ಈ ಪಡೆಗೆ ಎಲ್ಲಕ್ಕಿಂತ ಮುಖ್ಯವಾಗಿ ಇರಬೇಕಾದ ಗುಣ ಶೌರ್ಯವಲ್ಲ, ವಿವೇಕ. ಇದು ನನ್ನದು, ಇದು ಅನ್ಯರದು ಎಂಬ ಭೇದ ಅದಕ್ಕೆ ತಿಳಿದಿರಬೇಕು.

ದೇಹ ತನ್ನ ಮೇಲೆ ತಾನೇ ದಾಳಿ ಮಾಡಿಕೊಳ್ಳಲಾರದೆಂದು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಭಾವಿಸಿದ್ದನು. ಅಂತಹ ದಾಳಿಯನ್ನು ದೇಹ ಹೇಗಾದರೂ ತಡೆದುಕೊಳ್ಳುತ್ತದೆಂಬುದು ಅವನ ಎಣಿಕೆ. ಅದು ಅರ್ಧ ನಿಜವಾಯಿತು. ತನ್ನ ದೇಹವನ್ನೇ ಶತ್ರುವೆಂದು ತಿಳಿಯುವ ಕಣಗಳನ್ನು ಅವು ಪಕ್ವವಾಗುವ ಹಂತದಲ್ಲಿಯೇ ದೇಹ ಬಹುಮಟ್ಟಿಗೆ ನಾಶಮಾಡುತ್ತದೆ. ಹಾಗಿದ್ದರೂ ಕೆಲವು ತಪ್ಪಿಸಿಕೊಂಡು ಹೊರಬೀಳುತ್ತವೆ. ಅವುಗಳನ್ನು ಹದ್ದಿನಲ್ಲಿಡುವುದಕ್ಕಾಗಿಯೇ ನಿಯಂತ್ರಕ ಟಿ-ಕೋಶಗಳೆಂಬ ಬೇರೊಂದು ವರ್ಗವಿದೆ. ಈ ವ್ಯವಸ್ಥೆಯನ್ನು ಬೆಳಕಿಗೆ ತಂದುದಕ್ಕಾಗಿ ಜಪಾನಿನ ಶಿಮೋನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪಾರಿತೋಷಕ ದೊರೆಯಿತು. ಈ ಹದ್ದು ಮೀರಿದಾಗ ಕಾವಲುಗಾರನೇ ಮನೆಯವರ ಮೇಲೆ ಕೈಮಾಡುತ್ತಾನೆ. ಆಗ ಹುಟ್ಟುವ ರೋಗಗಳಿಗೆ ಸ್ವಯಂಪ್ರತಿರೋಧ ವ್ಯಾಧಿಗಳೆಂದು ಹೆಸರು. ರುಮಟಾಯ್ಡ್ ಸಂಧಿವಾತ ಅವುಗಳಲ್ಲಿ ಒಂದು. ಇದರಲ್ಲಿ ಪಡೆ ಮುತ್ತಿಗೆ ಹಾಕುವುದು ಕೀಲುಪೊರೆಗೆ. ತಡೆಯದಿದ್ದರೆ ಮೃದ್ವಸ್ಥಿ ಸವೆದು, ಮೂಳೆ ಕೊರೆದು, ಬೆರಳುಗಳು ಶಾಶ್ವತವಾಗಿ ಸೊಟ್ಟಗಾಗುತ್ತವೆ. ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ವೈರಸ್ಸಿಗೂ ಈ ಬಗೆಯ ವ್ಯಾಧಿಗಳಿಗೂ ಇರುವ ಸಂಬಂಧ ಎರಡು ತೆರನಾದುದು. ಮೊದಲನೆಯದು ಅನುಕರಣೆ. ಇಲ್ಲಿ ಸ್ವಯಂಪ್ರತಿರೋಧ ವ್ಯಾಧಿ ನಿಜವಾಗಿ ಹುಟ್ಟಿರುವುದಿಲ್ಲ. ವೈರಸ್ಸಿನ ವಿರುದ್ಧ ನಡೆಯುವ ಹೋರಾಟವೇ ಅದರಂತೆ ತೋರುತ್ತದೆ. ಪಾರ್ವೋವೈರಸ್ ಬಿ-19 ಎಂಬುದು ಇದಕ್ಕೆ ಒಳ್ಳೆಯ ನಿದರ್ಶನ. 1975ರಲ್ಲಿ ಇವಾನ್ ಕೊಸಾರ್ಟ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಮಕ್ಕಳಿಗೆ ಇದು ತಗುಲಿದರೆ ಏಟು ತಿಂದಂತೆ ಕೆನ್ನೆ ಕೆಂಪಾಗುತ್ತದೆ, ಅಷ್ಟೆ. ಅದೇ ವೈರಸ್ ತಾಯಿಗೆ ತಗುಲಿದರೆ ಎರಡೂ ಕೈಗಳ ಬೆರಳ ಕೀಲುಗಳು ಬಾತು, ಸಂಧಿವಾತವೇ ಬಂದಂತೆ ಕಾಣುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಚಿಕುನ್‌ಗುನ್ಯ ಇಷ್ಟು ಬೇಗ ಇಳಿಯದಿರುವುದರಿಂದಲೇ ಅದರ ವೇಷವನ್ನು ಕಳಚುವುದು ಕಷ್ಟ. ಅದು ಏಕೆ ಉಳಿಯುತ್ತದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ರೋಗಿಯೊಬ್ಬರ ಕೀಲುಪೊರೆಯಲ್ಲಿ ಹದಿನೆಂಟು ತಿಂಗಳ ಮೇಲೂ ವೈರಸ್ಸಿನ ಕುರುಹು ಕಂಡಿತು. ಕೊಲಂಬಿಯ ದೇಶದ 38 ರೋಗಿಗಳ ಕೀಲುದ್ರವವನ್ನು ಸುಮಾರು ಎರಡು ವರ್ಷಗಳ ಬಳಿಕ ಪರೀಕ್ಷಿಸಿದಾಗ ವೈರಸ್ ಕಾಣಲಿಲ್ಲ. ಶತ್ರು ಅಡಗಿ ಕುಳಿತಿರುವನೋ, ಶತ್ರು ಹೋದರೂ ಪಡೆ ಹಿಂದಿರುಗಿಲ್ಲವೋ ಎಂಬುದು ವಿಜ್ಞಾನಿಗಳ ಮುಂದಿರುವ ಪ್ರಶ್ನೆ.

ಎರಡನೆಯದು ಪ್ರಚೋದನೆ. ಇಲ್ಲಿ ವೈರಸ್ ಕಿಡಿ ಹಚ್ಚಿ ಹೊರಟುಹೋಗುತ್ತದೆ. ಬೆಂಕಿ ತಾನೇ ಉರಿಯುತ್ತದೆ. ಇದಕ್ಕೆ ಒಂದು ಕಾರಣ ಹೋಲಿಕೆ. ಸೂಕ್ಷ್ಮಜೀವಿಯ ಯಾವುದೋ ಒಂದು ಅಂಶ ದೇಹದ ಅಂಶವೊಂದನ್ನು ಹೋಲುತ್ತಿದ್ದರೆ, ಅದನ್ನು ಹಿಡಿಯಲು ತಯಾರಾದ ಪ್ರತಿಕಾಯ ಇದನ್ನೂ ಹಿಡಿಯುತ್ತದೆ. ಗಂಟಲುನೋವನ್ನು ತರುವ ಒಂದು ಬ್ಯಾಕ್ಟೀರಿಯದಿಂದ ಮಕ್ಕಳಲ್ಲಿ ಹೃದಯದ ಕವಾಟಗಳು ಕೆಡುವುದು ಈ ಬಗೆಯ ಭ್ರಮೆಯಿಂದಲೇ. ವೈರಸ್‌ಗಳ ವಿಷಯದಲ್ಲಿಯೂ ಬಲವಾದ ಪುರಾವೆಗಳು ದೊರೆತಿವೆ. ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯ ಮೂಲವನ್ನು ಅರಸಿ, ಒಂದು ಕೋಟಿಗೂ ಮೀರಿದ ಅಮೆರಿಕದ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸಿನ ಸೋಂಕಾದ ಮೇಲೆ ಆ ವ್ಯಾಧಿಯ ಸಂಭವ 32 ಪಟ್ಟು ಹೆಚ್ಚಿದುದು ಅದರಿಂದ ತಿಳಿದುಬಂದಿತು. ಆದರೂ ಆ ವೈರಸ್ ಲೋಕದ ಬಹುಪಾಲು ಜನರಲ್ಲಿ ಇದ್ದೇ ಇದೆ. ವ್ಯಾಧಿ ಬರುವುದು ಕೆಲವರಿಗೆ ಮಾತ್ರ. ಕಿಡಿ ಬಿದ್ದ ಮಾತ್ರಕ್ಕೆ ಬೆಂಕಿ ಹತ್ತುವುದಿಲ್ಲ, ಒಣಹುಲ್ಲೂ ಇರಬೇಕು. ವಂಶದಿಂದ ಬಂದ ಗುಣ, ಸುತ್ತಣ ಸನ್ನಿವೇಶ, ಕೆಲವು ಅಭ್ಯಾಸಗಳು ಆ ಒಣಹುಲ್ಲಾಗುತ್ತವೆ. ರುಮಟಾಯ್ಡ್ ಸಂಧಿವಾತದ ಸಂಭವವನ್ನು ಧೂಮಪಾನ ಹೆಚ್ಚಿಸುತ್ತದೆಂಬುದು ದೃಢಪಟ್ಟಿದೆ. ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಸೀಮೆಯವರು ಈ ಮಾತನ್ನು ನೆನಪಿನಲ್ಲಿಡುವುದು ಒಳಿತು.

ಹೆಸರು ಯಾವುದಾದರೇನು, ನೋವು ನೋವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಉತ್ತರ ಚಿಕಿತ್ಸೆಯಲ್ಲಿದೆ. ರುಮಟಾಯ್ಡ್ ಸಂಧಿವಾತಕ್ಕೆ ಕಾವಲುಪಡೆಯ ಉಗ್ರತೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮುಂತಾದ ಔಷಧಗಳನ್ನು ಬೇಗನೆ ಆರಂಭಿಸಿ, ಬಹುಕಾಲ ಮುಂದುವರಿಸಬೇಕಾಗುತ್ತದೆ. ಮೊದಲ ಒಂದೆರಡು ವರ್ಷಗಳಲ್ಲಿಯೇ ಕೀಲುಗಳಿಗೆ ಸರಿಪಡಿಸಲಾಗದ ಹಾನಿಯಾಗುವುದರಿಂದ ಕಾಯುತ್ತ ಕೂರುವಂತಿಲ್ಲ. ಅದನ್ನು ‘ಅಂದಿನ ಜ್ವರದ ನೋವು, ಹೋದೀತು’ ಎಂದು ತಳ್ಳಿಹಾಕಿದವರು ಬೆರಳುಗಳನ್ನು ಕಳೆದುಕೊಂಡಂತೆಯೇ ಸರಿ. ಇದಕ್ಕೆ ವಿರುದ್ಧವಾಗಿ, ತಾನಾಗಿ ಶಮನವಾಗಬಹುದಾದ ವೈರಸ್ಸಿನ ನೋವನ್ನು ಸಂಧಿವಾತವೆಂದು ತಿಳಿದರೆ, ಅನಾವಶ್ಯಕವಾಗಿ ವರ್ಷಗಟ್ಟಲೆ ಪ್ರಬಲ ಔಷಧಗಳಿಗೆ ಒಳಗಾಗಬೇಕಾಗುತ್ತದೆ. ಇನ್ನೂ ಅಪಾಯದ ಸಂದರ್ಭವೊಂದುಂಟು. ಯಕೃತ್ತಿಗೆ ತಗುಲುವ ಹೆಪಟೈಟಿಸ್-ಬಿ ವೈರಸ್ ಕೂಡ ಆರಂಭದಲ್ಲಿ ಕೆಲವರಿಗೆ ಕೀಲುನೋವನ್ನು ತರುತ್ತದೆ. ಆ ವೈರಸ್ ದೇಹದಲ್ಲಿ ಅಡಗಿರುವಾಗ ರಕ್ಷಣಾಪಡೆಯನ್ನು ಕುಗ್ಗಿಸುವ ಔಷಧ ಕೊಟ್ಟರೆ, ಅದು ಕೆರಳಿ ಪ್ರಾಣಕ್ಕೇ ಮುಳುವಾಗಬಹುದು. ಆದುದರಿಂದಲೇ ಇಂತಹ ಔಷಧಗಳನ್ನು ಆರಂಭಿಸುವ ಮುನ್ನ ವೈದ್ಯರು ರಕ್ತವನ್ನು ಆ ವೈರಸ್ಸಿಗಾಗಿ ಪರೀಕ್ಷಿಸುತ್ತಾರೆ.

ವೇಷವನ್ನು ಗುರುತಿಸುವ ಬಗೆ ಹೇಗೆ? ರುದ್ರಪಟ್ಟಣದ ಸಂಗೀತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆರಭಿ ಮತ್ತು ದೇವಗಾಂಧಾರಿ ರಾಗಗಳ ಆರೋಹಣ ಅವರೋಹಣಗಳಲ್ಲಿ ಸ್ವರಗಳು ಒಂದೇ. ಸ್ವರಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಅವುಗಳ ಭೇದ ತಿಳಿಯದು. ಸ್ವರಗಳು ಹೇಗೆ ನಡೆಯುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದನ್ನು ತಾಳ್ಮೆಯಿಂದ ಕೇಳಿದವರಿಗೆ ಸಂದೇಹ ಉಳಿಯದು. ರೋಗದ ವಿಷಯದಲ್ಲಿಯೂ ಹೀಗೆಯೇ. ಬಾವು ಒಂದೇ, ನೋವು ಒಂದೇ, ನಡೆ ಬೇರೆ. ನೋವು ಜ್ವರದೊಡನೆ ಒಂದೇ ದಿನದಲ್ಲಿ ಬಂದಿತೋ, ವಾರಗಳ ಕಾಲ ಮೆಲ್ಲಮೆಲ್ಲನೆ ಏರಿತೋ? ಮನೆಯಲ್ಲಿ, ಬೀದಿಯಲ್ಲಿ ಬೇರೆಯವರಿಗೂ ಜ್ವರ ಬಂದಿತ್ತೋ? ಕಾಲ ಕಳೆದಂತೆ ಬಾವು ಇಳಿಯುತ್ತಿದೆಯೋ, ಹೆಚ್ಚುತ್ತಿದೆಯೋ? ಇವುಗಳ ಜೊತೆಗೆ ರಕ್ತಪರೀಕ್ಷೆಗಳುಂಟು. ಜ್ವರದ ಮೊದಲ ವಾರದಲ್ಲಿ ರಕ್ತದಲ್ಲಿ ವೈರಸ್ಸನ್ನೇ ಪತ್ತೆಮಾಡಬಹುದು. ಅನಂತರ ಅದರ ವಿರುದ್ಧದ ಪ್ರತಿಕಾಯಗಳನ್ನು ಹುಡುಕಬೇಕು. ರುಮಟಾಯ್ಡ್ ಸಂಧಿವಾತವನ್ನು ಸೂಚಿಸುವ ಪ್ರತಿಕಾಯಗಳೂ ಉಂಟು. ಆದರೆ ಅವುಗಳಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬುದು ಬೇರೆ ಸೋಂಕುಗಳಲ್ಲಿಯೂ ಕಾಣಿಸಿಕೊಳ್ಳಬಹುದು. ಆದಕಾರಣ ಒಂದೇ ಚೀಟಿಯಲ್ಲಿನ ಒಂದೇ ಅಂಕಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಪರೀಕ್ಷೆಯೂ ಬೇಕು, ರೋಗಿಯ ಮಾತನ್ನು ಪೂರ್ತಿಯಾಗಿ ಕೇಳುವ ಕಿವಿಯೂ ಬೇಕು.

ರೋಗಿಯ ಹೊಣೆಯೂ ಸಣ್ಣದಲ್ಲ. ಜ್ವರ ಯಾವ ತಿಂಗಳಲ್ಲಿ ಬಂದಿತು, ನೋವು ಯಾವ ಕೀಲಿನಿಂದ ಮೊದಲಾಯಿತು ಎಂಬುದನ್ನು ನೆನಪಿಟ್ಟು ಹೇಳಿದರೆ ವೈದ್ಯರ ದಾರಿ ಅರ್ಧ ಸವೆದಂತೆ. ಜ್ವರವಿರುವಾಗ ವಿಶ್ರಾಂತಿ, ಸಾಕಷ್ಟು ನೀರು, ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಅದೇ ಸೊಳ್ಳೆಯಿಂದ ಬರುವ ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್ನಿನಂತಹ ಗುಳಿಗೆಗಳನ್ನು ನುಂಗಬಾರದು, ರಕ್ತಸ್ರಾವದ ಭಯವುಂಟು. ಅಂಗಡಿಯಿಂದ ಹೆಸರರಿಯದ ಗುಳಿಗೆ ತಂದು ನುಂಗುವುದು ಕೂಡದು. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಒಂದೇ ದಿನದಲ್ಲಿ ಮಾಯವಾದಂತೆ ತೋರುತ್ತದೆ. ನಿಜವಾಗಿ ರೋಗ ಮುಚ್ಚಿಹೋಗಿರುತ್ತದೆಯೇ ಹೊರತು ಹೋಗಿರುವುದಿಲ್ಲ. ಬಹುದಿನ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಕೀಲುಗಳ ಬಾವು ಮತ್ತು ಬೆಳಗಿನ ಬಿಗಿತ ಆರು ವಾರ ಕಳೆದರೂ ಇಳಿಯದಿದ್ದರೆ ಕೀಲುರೋಗಗಳ ತಜ್ಞರನ್ನು ಕಾಣಲೇಬೇಕು.

ಎಲ್ಲಕ್ಕಿಂತ ಮಿಗಿಲಾದ ಉಪಾಯ ಸೊಳ್ಳೆಯನ್ನು ಹುಟ್ಟಗೊಡದಿರುವುದು. ಈಡಿಸ್ ಸೊಳ್ಳೆ ಹೊಲಸು ಚರಂಡಿಗಿಂತ ಮನೆಯ ತಿಳಿನೀರನ್ನೇ ಮೆಚ್ಚುತ್ತದೆ. ತೊಟ್ಟಿ, ಹಂಡೆ, ಹಿತ್ತಿಲಿನ ತೆಂಗಿನ ಚಿಪ್ಪು, ಬಿಸುಟ ಟೈರು ಇವೇ ಅದರ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಿ ಹಾರಲು ಬೆಚ್ಚನೆಯ ದಿನಗಳಲ್ಲಿ ಒಂದು ವಾರ ಹತ್ತು ದಿನ ಸಾಕು. ಒಣಗಿದ ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಆದುದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಮುಚ್ಚಳ ಮುಚ್ಚಬೇಕು. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿಯ ಪರದೆಯೊಂದರಿಂದಲೇ ರಕ್ಷಣೆ ದೊರೆಯದು. ಒಂದು ಮನೆಯವರು ತೊಳೆದು ಪಕ್ಕದ ಮನೆಯವರು ಬಿಟ್ಟರೆ ಫಲವಿಲ್ಲ. ಇಡೀ ಬೀದಿ ಕೂಡಿ ಮಾಡಬೇಕಾದ ಕೆಲಸವಿದು.

ಹೊರಗಿನ ಶತ್ರುವನ್ನು ತೊಟ್ಟಿಯಲ್ಲಿಯೇ ತಡೆಯುವುದು ಊರಿನ ಕೈಯಲ್ಲಿದೆ. ಒಳಗಿನ ಪಡೆ ದಾರಿ ತಪ್ಪಿದರೆ ಅದನ್ನು ಸಕಾಲದಲ್ಲಿ ಗುರುತಿಸುವುದು ರೋಗಿಯ ಮತ್ತು ವೈದ್ಯರ ಕೈಯಲ್ಲಿದೆ. ನೋವನ್ನು ಹಣೆಯ ಬರಹವೆಂದು ಸಹಿಸಿಕೊಂಡು ಕೂರುವುದೂ ತರವಲ್ಲ, ಹೆದರಿ ಸಿಕ್ಕ ಗುಳಿಗೆಯನ್ನೆಲ್ಲ ನುಂಗುವುದೂ ತರವಲ್ಲ. ಅದರ ನಿಜವಾದ ಹೆಸರನ್ನು ಕೇಳಿ ತಿಳಿಯುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.